ಗಾಡಿ ಮಾತು, ಮಿಸ್ತ್ರಿ ಮಾತು

ಪರದೆ ಮೇಲೆ ಹೀರೋ ಗಾಡಿ ಹತ್ತುತ್ತಾನೆ. ಒಂದೇ ಕಿಕ್ಕು, ಇಂಜಿನ್ ಗುಡುಗುಡು! ಚೋಕ್ ಎಳೆಯುವಂತಿಲ್ಲ, ಪೆಟ್ರೋಲ್ ಕಾಕ್ ತಿರುಗಿಸುವಂತಿಲ್ಲ, ಪ್ಲಗ್ ಬಿಚ್ಚಿ ಒರೆಸುವಂತಿಲ್ಲ. ಹಾಡು ಮುಗಿಯುವ ತನಕ ಚೈನ್ ಕಳಚುವುದಿಲ್ಲ, ಹಿಂದೆ ಕೂತ ಹೀರೋಯಿನ್ನಿನ ಸೆರಗು ಚಕ್ರಕ್ಕೆ ಸಿಗುವುದಿಲ್ಲ. ಕಣ್ಣಿಗೆ ಕಾಣುವುದು ಟೂ ಸ್ಟ್ರೋಕ್ ಗಾಡಿ, ಕಿವಿಗೆ ಬೀಳುವುದು ಬುಲೆಟ್ ಸದ್ದು… ಇಂಥದ್ದಕ್ಕೂ ಎಷ್ಟು ಸಲ ಸೀಟಿ ಹೊಡೆದಿಲ್ಲ ನಾವು! ಸಿನಿಮಾ ಅಂದ ಮೇಲೆ ಅದೆಲ್ಲ ಇರಬೇಕು ಬಿಡಿ. ತಕರಾರು ಶುರುವಾಗುವುದು ಆಟ ಬಿಟ್ಟ ಮೇಲೆ. ಟಾಕೀಜಿನ ಹೊರಗೆ ನಿಂತ ನಿಮ್ಮ ಸ್ವಂತ ಗಾಡಿ ಹತ್ತು ಕಿಕ್ಕಿಗೂ ಚಾಲೂ ಆಗದೆ ನಿಮ್ಮನ್ನು ಬೆವರಿಳಿಸಿದಾಗ, ಗ್ಯಾರೇಜಿನ ತನಕ ತಳ್ಳಿಕೊಂಡು ಹೋಗಿ ಬಾಯಿ ತೆರೆಯಬೇಕಲ್ಲ, ಆಗ!

ಜಮಖಂಡಿಯ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತು ನೋಡಿ. ಈ ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ:

“ಕಾಕಾ, ಗಾಡಿ ಒಂಥರಾ ಮಾಡಾಕತ್ತೈತ್ರಿ.”

“ಒಂಥರಾ ಅಂದ್ರ ಹ್ಯಾಂಗೋ ತಮ್ಮಾ?”

“ಏನೋ ಸಪ್ಪಳ ಬರತೈತ್ರಿ.”

“ಎಲ್ಲಿಂದ? ಮ್ಯಾಲ ಹೆಡ್ಡಿನ್ಯಾಗಿಂದೋ, ಕೆಳಗ ಕ್ರ್ಯಾಂಕಿನ್ಯಾಗಿಂದೋ, ಚೈನಿಂದೋ?”

“ಗೊತ್ತಿಲ್ರಿ… ನೀವ ನೋಡ್ರಿ.”

“ನೀವ ನೋಡ್ರಿ” ಅಂದಿರೋ, ವ್ಯವಹಾರ ಮುಗಿಯಿತು. ಮಿಸ್ತ್ರಿ ಪ್ರಾಮಾಣಿಕನಾದರೆ ನಿಮ್ಮ ಪುಣ್ಯ. ನಮ್ಮ ಕಡೆ ಅಂಥವರೇ ಹೆಚ್ಚು, ಸುಳ್ಳು ಹೇಳಬಾರದು. ಆದರೆ ಆಸೆಬುರುಕನ ಕೈಗೆ ಸಿಕ್ಕಿರೋ, ಟ್ಯಾಪೆಟ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ “ಬೋರ್ ಹೋಗೇತಿ” ಎಂಬ ಎರಡು ಮಾತು ಬಂದು, ಇಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿ, ಮಗ್ಗದ ಒಂದು ತಿಂಗಳ ಪಗಾರ ಅಲ್ಲೇ ಕರಗುತ್ತದೆ. ಗಾಡಿ ಮಾತು ಗೊತ್ತಿದ್ದವನಿಗೆ ಹಾಗೆ ಹೇಳುವ ಧೈರ್ಯ ಯಾವ ಮಿಸ್ತ್ರಿಗೂ ಬರುವುದಿಲ್ಲ. ಅದಕ್ಕೇ ಈ ವಾರ ತಾರೆಯರ ಸುದ್ದಿ ಸ್ವಲ್ಪ ಬದಿಗಿಟ್ಟು ಗಾಡಿ ಮಾತಿಗೆ ಕೂರೋಣ.

ಮೊದಲು ಆ ಸಪ್ಪಳದ್ದೇ ಇತ್ಯರ್ಥ ಮಾಡಿ. ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ ಗಾಡಿಯನ್ನು ಹತ್ತು ಹೆಜ್ಜೆ ತಳ್ಳಿ. ಆಗಲೂ ಸಪ್ಪಳ ಬಂತೋ? ಇಂಜಿನ್ನಿನ ತಪ್ಪಲ್ಲ; ಚೈನೋ, ಸ್ಪ್ರಾಕೆಟ್ಟೋ, ಚಕ್ರದ ಬೇರಿಂಗೋ ಇರಬೇಕು. ಬರಲಿಲ್ಲವೋ, ಚಾಲೂ ಮಾಡಿ ಕಿವಿಗೊಡಿ. ತಲೆಯ ಮೇಲ್ಭಾಗದಲ್ಲಿ ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ, ಒಂದೇ ತಾಳದಲ್ಲಿ ಟಿಕ್‌ಟಿಕ್ ಅಂದರೆ ಅದು ಟ್ಯಾಪೆಟ್. ವಾಲ್ವು ಮತ್ತು ಅದನ್ನು ಒತ್ತುವ ಕೈಯ ನಡುವಿನ ಸಂದು ಜಾಸ್ತಿಯಾಗಿದೆ ಅಂತ ಅರ್ಥ. ಸಣ್ಣ ಕೆಲಸ. ಬೆಳಿಗ್ಗೆ ತಣ್ಣಗಿದ್ದಾಗ ಕಟಕಟ ಅಂದು, ಬಿಸಿಯಾದ ಮೇಲೆ ಕಡಿಮೆಯಾಗುವುದು ಪಿಸ್ಟನ್ನಿನ ಸಪ್ಪಳ. ಬೋರ್ ಸವೆಯುತ್ತಿದೆ, ಆದರೆ ನಾಳೆಯೇ ಬಿಚ್ಚಬೇಕಾಗಿಲ್ಲ. ಕೆಳಗಿನಿಂದ ದಬ್‌ದಬ್ ಅಂತ ಗುದ್ದುವ ಸಪ್ಪಳ ಬಂತೋ, ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್ ಹೋಗುತ್ತಿದೆ. ಆ ಗಾಡಿಯನ್ನು ಬನಹಟ್ಟಿಯ ತನಕ ಓಡಿಸುವುದೂ ಬೇಡ. ಇಷ್ಟು ತಿಳಿದು, “ಕಾಕಾ, ಟ್ಯಾಪೆಟ್ ಸಪ್ಪಳ ಐತಿ, ಸ್ವಲ್ಪ ಅಡ್ಜೆಸ್ಟ್ ಮಾಡಿ ಕೊಡ್ರಿ” ಅಂದು ನೋಡಿ. ಮಿಸ್ತ್ರಿ ಮುಖದಲ್ಲಿ ಮರ್ಯಾದೆ ಬರುತ್ತೋ ಇಲ್ಲವೋ!

ನಮ್ಮ ಕಡೆಯ ಗಾಡಿ ಮಾತಿಗೆ ಒಂದು ರುಚಿ ಬೇರೆ. ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರ ತನಕ ಅಲ್ಲೇ ಇತ್ತು. ಸಾಂಗಲಿ, ಮಿರಜ, ಕೊಲ್ಹಾಪುರದ ನಂಟು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಮೋಟಾರ್‌ಸೈಕಲ್ಲು ಹಿರಿಯರ ಬಾಯಲ್ಲಿ ಫಟಫಟಿ. ಬೆಂಗಳೂರಿನವ ಸ್ಟಾರ್ಟ್ ಮಾಡಿದರೆ ನಾವು ಚಾಲೂ ಮಾಡುತ್ತೇವೆ. ಅವನು ಮೈಲೇಜ್ ಕೇಳಿದರೆ ನಾವು “ಎವರೇಜ್ ಎಷ್ಟ ಕೊಡತೈತಿ?” ಅಂತೇವೆ. ಅವನ ಹಿಂದೆ ಕೂತವನು ಬರೀ ಹಿಂದೆ ಕೂತವನು. ನಮ್ಮಲ್ಲಿ ಅವನು ಡಬಲ್ ಸೀಟ್, ಮೂರನೆಯವನು ಏರಿದರೆ ತ್ರಿಬಲ್ ಸೀಟ್, ಮುಂದೆ ಪೊಲೀಸ್ ಕಂಡರೆ ತ್ರಿಬಲ್ ಸೀಟಿನವನು ಪಾದಚಾರಿ. ಇನ್ನು ಆ ಎವರೇಜ್ ವಿಷಯ: ಗೆಳೆಯರ ಮುಂದೆ ಹೇಳುವ ಎವರೇಜನ್ನು ನಂಬಬೇಡಿ. ಟ್ಯಾಂಕ್ ಕಂಠದ ತನಕ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಂಡು, ಎರಡು ಮೂರು ದಿನ ಓಡಿಸಿ, ಮತ್ತೆ ಕಂಠದ ತನಕ ತುಂಬಿಸಿ. ಓಡಿದ್ದು 240 ಕಿಲೋಮೀಟರ್, ಹಿಡಿದದ್ದು 4 ಲೀಟರ್ ಆದರೆ ಎವರೇಜ್ 60. ಉಳಿದದ್ದೆಲ್ಲ ಚಹದಂಗಡಿ ಲೆಕ್ಕ.

ಚಹದಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ ಹಚ್ಚುವ ಪದ ಯಾವುದು ಹೇಳಿ? ಸಿಸಿ. “ನಂದು ಎಷ್ಟು ಸಿಸಿ, ನಿಂದು ಎಷ್ಟು ಸಿಸಿ” ಅಂತ ತೋಳು ಮಡಚುವವರಿಗೆ ಆ ಎರಡಕ್ಷರದ ಅರ್ಥ ಕೇಳಿದರೆ ಗಪ್‌ಚಿಪ್. ಸಿಸಿ ಅಂದರೆ ಕ್ಯೂಬಿಕ್ ಸೆಂಟಿಮೀಟರ್; ಪಿಸ್ಟನ್ ಕೆಳಗಿನ ತುದಿಯಿಂದ ಮೇಲಿನ ತುದಿಗೆ ಸರಿಯುವಾಗ ಸಿಲಿಂಡರಿನಲ್ಲಿ ಎಷ್ಟು ಜಾಗ ಗುಡಿಸುತ್ತದೋ ಅಷ್ಟು. ಅದು ಹೊಟ್ಟೆಯ ಅಳತೆ, ತಾಕತ್ತಿನ ಅಳತೆ ಅಲ್ಲ. ಹಳೆಯ ಬುಲೆಟ್ 346 ಸಿಸಿ, ತಾಕತ್ತು 18 ಹಾರ್ಸ್‌ಪವರ್. 1985ರಲ್ಲಿ ಬಂದು ಹುಡುಗರ ನಿದ್ದೆ ಕೆಡಿಸಿದ ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿ, ತಾಕತ್ತು 11. ಹೊಟ್ಟೆ ಮೂರೂವರೆ ಪಟ್ಟು, ತಾಕತ್ತು ಎರಡು ಪಟ್ಟೂ ಇಲ್ಲ! ಆರ್‌ಎಕ್ಸ್ ಟೂ ಸ್ಟ್ರೋಕ್. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಬೆಂಕಿ. ಬುಲೆಟ್ ಫೋರ್ ಸ್ಟ್ರೋಕ್. ಎರಡು ಸುತ್ತಿಗೆ ಒಂದು ಬೆಂಕಿ. ಆರ್‌ಎಕ್ಸಿನ ಪಿಸ್ಟನ್ 50 ಮಿಲಿಮೀಟರ್ ಅಗಲ, ಓಡಾಟವೂ 50 ಮಿಲಿಮೀಟರ್, ಹಗುರ, ಚುರುಕು. ಬುಲೆಟ್ಟಿನದು 70 ಅಗಲ, 90 ಉದ್ದದ ಓಡಾಟ, ಜೊತೆಗೆ ಭಾರದ ಫ್ಲೈವೀಲು. ಆ ಉದ್ದ ಓಡಾಟ, ಆ ಬಿಡುವು ಬಿಟ್ಟ ಬೆಂಕಿಯೇ ನಿಮಗೆ ಕೇಳುವ ದುಡ್… ದುಡ್… ಹೇರು ತುಂಬಿದ ಚಕ್ಕಡಿ ಎಳೆಯುವ ಎತ್ತಿನ ಜೋಡಿ ಬುಲೆಟ್ಟು, ಮೊಲದ ಹಿಂದೆ ಬಿದ್ದ ಮುಧೋಳ ನಾಯಿ ಆರ್‌ಎಕ್ಸು. ಎತ್ತಿಗೂ ನಾಯಿಗೂ ಪಂದ್ಯ ಕಟ್ಟುವವನನ್ನು ಏನೆನ್ನಬೇಕು?

ಹೊಗೆಯ ಮಾತಿಗೂ ಇದೇ ಲೆಕ್ಕ ಬೇಕು. ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ, ಹಾಗಾಗಿ ತೆಳು ನೀಲಿ ಹೊಗೆ ಅದರ ಆರೋಗ್ಯ. ಫೋರ್ ಸ್ಟ್ರೋಕಿನಲ್ಲಿ ಅದೇ ನೀಲಿ ಹೊಗೆ ಕಂಡರೆ ರಿಂಗೋ ವಾಲ್ವ್ ಸೀಲೋ ಸವೆದು ಇಂಜಿನ್ ಆಯಿಲ್ ಒಳಗೆ ಹೋಗುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಬೀಳುತ್ತಿದೆ. ಪ್ಲಗ್ ಬಿಚ್ಚಿ ನೋಡಿದರೂ ಸತ್ಯ ಗೊತ್ತಾಗುತ್ತದೆ: ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ ಮತ್ತು ಕಾವು ಜಾಸ್ತಿ, ಹಾಲು ಹಾಕಿದ ಚಹದ ಬಣ್ಣವಿದ್ದರೆ ಎಲ್ಲ ಸರಿ.

ಈಗ ಒಂದು ಪದ ಹೇಳುತ್ತೇನೆ, ಇದನ್ನು ನಗೆಯಲ್ಲಿ ತೆಗೆದುಕೊಳ್ಳಬೇಡಿ. ಸೀಜ್. ಎಸ್‌ಐ ಸಾಹೇಬರು ಗಾಡಿ ಸೀಜ್ ಮಾಡುವುದಲ್ಲ. ಇಂಜಿನ್ ತಾನೇ ಸೀಜ್ ಆಗುವುದು. ಟೂ ಸ್ಟ್ರೋಕ್ ಗಾಡಿಗೆ ಎಣ್ಣೆ ಬರುವ ದಾರಿ ಎರಡು. ಜಾವಾ, ಯೆಜ್ದಿಯಂಥವಕ್ಕೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಕಲಸಿ ಹಾಕಬೇಕು, ಅದೇ ಮಿಕ್ಸಿಂಗ್. ಆರ್‌ಎಕ್ಸಿನಂಥವಕ್ಕೆ ಬೇರೆ ಡಬ್ಬಿಯಿಂದ ಪಂಪು ಎಣ್ಣೆ ಕೊಡುತ್ತದೆ. ನಾಲ್ಕು ರೂಪಾಯಿ ಉಳಿಸಲು ಮಿಕ್ಸಿಂಗ್ ಕಡಿಮೆ ಮಾಡಿದರೆ, ಅಥವಾ ಆ ಡಬ್ಬಿ ಖಾಲಿಯಾದದ್ದು ನೋಡದೆ ಓಡಿಸಿದರೆ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಎಣ್ಣೆಯ ಪದರು ಹರಿದು, ಕಾದ ಪಿಸ್ಟನ್ ಉಬ್ಬಿ, ಕಚ್ಚಿಕೊಂಡು ನಿಲ್ಲುತ್ತದೆ. ಇಂಜಿನ್ ನಿಂತರೆ ಚೈನ್ ನಿಂತಿತು, ಚೈನ್ ನಿಂತರೆ ಹಿಂದಿನ ಚಕ್ರ ನಿಂತಿತು. 70ರ ವೇಗದಲ್ಲಿ ಹಿಂದಿನ ಚಕ್ರ ಹಟಾತ್ತನೆ ನಿಂತರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕೇ? ಸೀಜ್ ಆಗುವ ಮೊದಲು ಗಾಡಿ ಒಂದು ಗಳಿಗೆ ಸೂಚನೆ ಕೊಡುತ್ತದೆ: ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಎಳೆತ ಕುಗ್ಗುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಎಡಗೈ ಒಂದೇ ಕೆಲಸ ಮಾಡಬೇಕು, ಕ್ಲಚ್ ಒತ್ತಬೇಕು. ಕ್ಲಚ್ ಒತ್ತಿದರೆ ಇಂಜಿನ್ ಸತ್ತರೂ ಚಕ್ರ ಉರುಳುತ್ತದೆ, ನೀವು ಬದಿಗೆ ಸರಿಯಬಹುದು. ಟೂ ಸ್ಟ್ರೋಕ್ ಹಳೆಯ ಹುಲಿಗಳು ಓಡಿಸುವಾಗ ಸದಾ ಎರಡು ಬೆರಳು ಕ್ಲಚ್ಚಿನ ಮೇಲೆ ಇಟ್ಟುಕೊಂಡಿದ್ದು ಸ್ಟೈಲಿಗಲ್ಲ. ಇವತ್ತಿಗೂ ಹೊಸ ಗಾಡಿ ಬಿಟ್ಟು ಹಳೆ ಆರ್‌ಎಕ್ಸಿಗೆ ದುಡ್ಡು ಸುರಿಯುವ ತಮ್ಮಂದಿರು ಈ ಎರಡು ಬೆರಳಿನ ಪಾಠವನ್ನೂ ಗಾಡಿಯ ಜೊತೆಗೇ ಕೊಂಡುಕೊಳ್ಳಬೇಕು.

ಜಾವಾ ಅಂದೆನಲ್ಲ, ಅದು ನಮ್ಮ ಕನ್ನಡ ನಾಡಿನ ಗಾಡಿ ಎಂಬುದು ಗೊತ್ತಿದೆ ತಾನೆ? ಹೆಸರು ಮಾತ್ರ ಪರದೇಶದ್ದು. ಚೆಕ್ ದೇಶದ ಜಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಕೆಯನ್ನು ಕೊಂಡುಕೊಂಡ. ಜಾ ಅವನದು, ವಾ ಅವರದು, ಸೇರಿ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ಐಡಿಯಲ್ ಜಾವಾ ಕಾರ್ಖಾನೆ ಹಾಕಿ, 1961ರಿಂದ ಇಲ್ಲೇ ತಯಾರಾಯಿತು. 1973ರಲ್ಲಿ ಹೆಸರು ಯೆಜ್ದಿ ಆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಮತ್ತೆ ಬಂದವು, ಆದರೆ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ, ಅದೂ ಫೋರ್ ಸ್ಟ್ರೋಕ್ ಆಗಿ. ಹಳೆಯ ಜಾವಾದ ಒಂದು ಚಮತ್ಕಾರ ಹೊಸ ಹುಡುಗರಿಗೆ ಗೊತ್ತೇ ಇಲ್ಲ. ಕಿಕ್ ಕಡ್ಡಿಯೇ ಗೇರ್ ಕಡ್ಡಿ! ಎಡಗಡೆ ಒಂದೇ ಕಡ್ಡಿ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಚಾಲೂ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಕದ್ದು ಓಡಿಸಲು ಬಂದವನು ಕಿಕ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬೆಳಗಾಗುತ್ತಿತ್ತು.

ಬುಲೆಟ್ಟಿನ ಕಿಕ್ಕಿಗೆ ಬೇರೆಯೇ ಶಾಸ್ತ್ರ. “ಬುಲೆಟ್ ಒದೀತೈತಿ” ಅಂತ ಹಿರಿಯರು ಹೆದರಿಸುತ್ತಾರಲ್ಲ, ಅದು ಸುಳ್ಳಲ್ಲ. ಪಿಸ್ಟನ್ ಮೇಲೇರುವ ಮುಂಚೆಯೇ ಕಿಡಿ ಹತ್ತಿದರೆ ಇಂಜಿನ್ ಹಿಂದಕ್ಕೆ ತಿರುಗಿ ಕಿಕ್ ಕಡ್ಡಿ ಕಾಲಿಗೆ ಬಡಿಯುತ್ತದೆ. ಅದಕ್ಕೇ ಹಳೆಯ ಬುಲೆಟ್ಟಿನ ಹೆಡ್‌ಲೈಟ್ ಗೂಡಿನ ಮೇಲಿನ ಆಂಪಿಯರ್ ಮೀಟರ್ ನೋಡಬೇಕು. ಕೀಲಿ ತಿರುವಿ, ಕಿಕ್ಕನ್ನು ಮೆಲ್ಲಗೆ ಇಳಿಸುತ್ತ ಬನ್ನಿ. ಕಡ್ಡಿ ಕಡೆಯಿಂದ ನಟ್ಟನಡುವೆ ಬಂದು ನಿಂತಿತೋ, ಪ್ಲಾಟಿನಂ ಪಾಯಿಂಟ್ ತೆರೆದಿದೆ, ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಿದೆ ಅಂತ. ಅಲ್ಲಿಗೆ ತರಲು ಕಷ್ಟವಾದರೆ ಡಿಕಂಪ್ರೆಸರ್ ಹಿಡಿಯಿರಿ, ಒಳಗಿನ ಒತ್ತಡ ಹೊರಗೆ ಹೋಗುತ್ತದೆ. ಆಮೇಲೆ ಕಿಕ್ಕನ್ನು ಮೇಲೆ ತಂದು, ಒಂದೇ ಪೂರ್ತಿ ಒದೆತ. ಅರ್ಧ ಮನಸ್ಸಿನ ಒದೆತಕ್ಕೇ ಅದು ತಿರುಗಿ ಒದೆಯುವುದು! ಈಗಿನ ಬುಲೆಟ್ಟಿಗೆ ಸೆಲ್ಫ್ ಒತ್ತಿದರೆ ಸಾಕು. ಶಾಸ್ತ್ರ ಹೋಯಿತು, ಮೊಣಕಾಲು ಉಳಿಯಿತು.

ಇನ್ನು ಗೇರು. ಹಬ್ಬಕ್ಕೋ ಜಾತ್ರೆಗೋ ಗೆಳೆಯನ ಗಾಡಿ ಕೇಳಿ ತೆಗೆದುಕೊಂಡು ಹೋಗುವ ಹುಡುಗರೇ, ಇಲ್ಲಿ ಸ್ವಲ್ಪ ನಿಂತು ಓದಿ. ಎಲ್ಲ ಗಾಡಿಯಲ್ಲೂ ಗೇರ್ ಒಂದೇ ರೀತಿ ಬೀಳುವುದಿಲ್ಲ. ಸ್ಪ್ಲೆಂಡರಿನಲ್ಲಿ ನ್ಯೂಟ್ರಲ್ಲಿನಿಂದ ನಾಲ್ಕೂ ಗೇರು ಮುಂದಕ್ಕೆ ಒತ್ತುವುದೇ. ಪಲ್ಸರಿನಲ್ಲಿ ಮೊದಲನೆಯದು ಕೆಳಗೆ, ಉಳಿದವೆಲ್ಲ ಮೇಲೆ. ಸ್ಪ್ಲೆಂಡರ್ ಕಾಲಿನವನು ಪಲ್ಸರ್ ಏರಿ, ಜೋರಾಗಿ ಹೋಗುವಾಗ ಮುಂದಿನ ಗೇರಿಗೆಂದು ಮುಂದಕ್ಕೆ ಒತ್ತಿದನೋ, ಗೇರ್ ಏರುವ ಬದಲು ಇಳಿಯುತ್ತದೆ. ಇಂಜಿನ್ ಕಿರುಚಿ, ಹಿಂದಿನ ಚಕ್ರ ಹಿಡಿದು, ಗಾಡಿ ಬಾಲ ಬೀಸುತ್ತದೆ. ಹಳೆಯ ಬುಲೆಟ್ಟಿನದು ಇನ್ನೂ ವಿಚಿತ್ರ: ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ! ಮುಂದೆ ಎಮ್ಮೆ ಅಡ್ಡ ಬಂದಾಗ ತಲೆ ಯೋಚಿಸುವುದಿಲ್ಲ, ಕಾಲು ರೂಢಿಯಂತೆ ಒತ್ತುತ್ತದೆ. ಬಲಗಾಲು ಒತ್ತಿದ್ದು ಬ್ರೇಕಲ್ಲ, ಗೇರು. ಎಮ್ಮೆಗೇನು ಗೊತ್ತು ನಿಮ್ಮದು ಸಾಲದ ಗಾಡಿ ಅಂತ? ಅದಕ್ಕೇ ಬೇರೆಯವರ ಗಾಡಿ ಕೈಗೆ ಬಂದಾಗ ಕೀಲಿಯ ಜೊತೆ ಒಂದು ಮಾತು ಕೇಳಿ ಇಸಿದುಕೊಳ್ಳಿ: “ಗೇರ್ ಹ್ಯಾಂಗ ಬೀಳತಾವಲೇ?” ಹಾಗೆ ಕೇಳಿದರೆ ಯಾರ ಮೀಸೆಯೂ ಮಣ್ಣಾಗುವುದಿಲ್ಲ.

ಬ್ರೇಕಿನ ವಿಷಯದಲ್ಲಿ ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ: “ಮುಂದಿನ ಬ್ರೇಕ್ ಹಿಡದ್ರ ಪಲ್ಟಿ.” ಅರ್ಧ ನಿಜ, ಅರ್ಧ ಅಪಾಯ. ಬ್ರೇಕ್ ಹಾಕಿದ ಕೂಡಲೇ ಗಾಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರ ಎಷ್ಟು ನಿಲ್ಲಿಸೀತು? ಒಣ ಡಾಂಬರಿನ ಮೇಲೆ ಗಾಡಿ ನಿಲ್ಲಿಸುವ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಸುವಿನ ಕೆಚ್ಚಲು ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತ ಹೋಗಬೇಕು. ಹಠಾತ್ತನೆ ಕಿತ್ತು ಹಿಡಿದರೆ ಮಾತ್ರ ಪಲ್ಟಿ. ಆದರೆ ಮಳೆಗಾಲದ ಎರೆಮಣ್ಣಿನ ರಾಡಿ, ಕಾರ್ಖಾನೆ ರಸ್ತೆಯಲ್ಲಿ ಚೆಲ್ಲಿದ ಕಬ್ಬಿನ ರವದಿ, ಇವುಗಳ ಮೇಲೆ ಮುಂದಿನ ಬ್ರೇಕ್ ಮುಟ್ಟಲೇಬೇಡಿ; ಮೊದಲೇ ಗೇರ್ ಇಳಿಸಿ ನಿಧಾನಿಸಿ. ಎರೆಮಣ್ಣು ಮಡ್‌ಗಾರ್ಡಿಗೂ ಟಯರಿಗೂ ನಡುವೆ ತುಂಬಿ ಚಕ್ರವನ್ನೇ ಹಿಡಿಯುತ್ತದೆ, ಅದು ನಮ್ಮ ಹೊಲದ ದಾರಿ ಕಂಡವರಿಗೆಲ್ಲ ಗೊತ್ತು. ಒಂದು ಕಡ್ಡಿ ಜೊತೆಗಿರಲಿ.

ರಾತ್ರಿ ರಸ್ತೆಯ ಮಾತು ಡಿಮ್-ಡಿಪ್. ಎದುರಿನವನಿಗೆ ಕಣ್ಣು ಕುಕ್ಕದ ಹಾಗೆ ಲೈಟಿನ ಕಿರಣ ಕೆಳಗಿಳಿಸುವುದು. ಎದುರಿನವನು ಡಿಮ್ ಮಾಡಲಿಲ್ಲವೆಂದು ಸಿಟ್ಟಿಗೆದ್ದು ನೀವೂ ಫುಲ್ ಲೈಟ್ ಬಿಟ್ಟರೆ ರಸ್ತೆಯ ಮೇಲೆ ಕುರುಡರು ಇಬ್ಬರಾದರು. ನವೆಂಬರಿನಿಂದ ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ-ಮುಧೋಳ ಸೀಮೆಯ ರಸ್ತೆ ಯಾರ ಕೈಯಲ್ಲಿರುತ್ತದೆ, ಗೊತ್ತಲ್ಲ. ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು, ಕಬ್ಬು ರಸ್ತೆಯ ಮೇಲೆ ಅಡ್ಡ ಚಾಚಿ, ಹಿಂದೆ ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರು. ಎದುರಿನ ಲೈಟಿಗೆ ನಿಮ್ಮ ಕಣ್ಣು ಮಬ್ಬಾದ ಆ ಮೂರು ನಾಲ್ಕು ಸೆಕೆಂಡಿನಲ್ಲೇ ಅದು ಮುಂದೆ ನಿಂತಿರುತ್ತದೆ. ಲೈಟ್ ಕಣ್ಣಿಗೆ ಬಿದ್ದರೆ ನೋಟ ರಸ್ತೆಯ ಎಡ ಅಂಚಿಗೆ ಇರಲಿ, ರೇಸ್ ಇಳಿಸಿ. ನಮ್ಮ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಹೊರಟಿದ್ದು ಎಲ್ಲಿಗೆ? ಇದೇ ನಮ್ಮ ಮುಧೋಳ ಸೀಮೆಯ ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ. ಅವರು ಕೂತಿದ್ದು ಕಾರಿನಲ್ಲಿ, ಸುತ್ತ ತಗಡಾದರೂ ಇತ್ತು. ಗಾಡಿಯವನ ಸುತ್ತ ಬರೀ ಗಾಳಿ. ಹೆಲ್ಮೆಟ್ ಓಡಿಸುವವನಿಗೆ ಮಾತ್ರವಲ್ಲ, ಡಬಲ್ ಸೀಟಿಗೂ 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದಾಗ ನಿಮಗಿಂತ ಮೊದಲು ಹಾರಿಹೋಗುತ್ತದೆ.

ಲೈಟಿನ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಹಗಲಲ್ಲಿ ಲೈಟ್ ಉರಿಸಿಕೊಂಡು ಬರುವವನಿಗೆ ಐದು ಬೆರಳು ಮುಚ್ಚಿ ಬಿಚ್ಚಿ “ಲೈಟ್ ಹತ್ತೇತಿ” ಅಂತ ಸನ್ನೆ ಮಾಡುವ ಒಳ್ಳೆಯ ರೂಢಿ ನಮ್ಮದು. 2017ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಲ್ಲಿ ಇಂಜಿನ್ ಚಾಲೂ ಆದರೆ ಲೈಟೂ ಹತ್ತಿಯೇ ಇರಬೇಕೆಂದು ಸರ್ಕಾರದ ಕಾನೂನು. ಬಂದ್ ಮಾಡುವ ಸ್ವಿಚ್ಚೇ ಇಲ್ಲ ಪಾಪ! ಸನ್ನೆ ಮಾಡುವ ಕೈ ಹ್ಯಾಂಡಲ್ಲಿನ ಮೇಲಿರಲಿ.

ಪದಗಳೂ ಗಾಡಿಯ ಹಾಗೆ ಗುಜರಿಗೆ ಹೋಗುತ್ತವೆ. 1973ರಲ್ಲಿ ರಾಜ್ ಕಪೂರರ ‘ಬಾಬ್ಬಿ’ ಚಿತ್ರದಲ್ಲಿ ರಿಷಿ ಕಪೂರ್ ಓಡಿಸಿದ ಗಿಡ್ಡ ರಾಜದೂತ್ ಗಾಡಿಗೆ ಜನ ಬಾಬ್ಬಿ ಅಂತಲೇ ಹೆಸರಿಟ್ಟರು. ಇವತ್ತು ಆ ಹೆಸರು ಹೇಳಿದರೆ ಹುಡುಗರು ಯಾವ ಬಾಬ್ಬಿ ಅಂತ ಕೇಳುತ್ತಾರೆ. 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅಣ್ಣಾವ್ರು ಮೋಟಾರ್‌ಸೈಕಲ್ ರೇಸಿನ ಹುಡುಗನಾದಾಗ ಗಾಡಿಯವರ ಬಾಯಲ್ಲಿದ್ದ ಚೋಕ್, ಪ್ಲಾಟಿನಂ, ಕಾರ್ಬೊರೇಟರ್ ಒಂದೊಂದಾಗಿ ಹೊರಟಿವೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಕಾನೂನು ಬಂದು ಹೆಚ್ಚಿನ ಹೊಸ ಮೋಟಾರ್‌ಸೈಕಲ್ಲುಗಳಿಗೆ ಎಫ್‌ಐ, ಅಂದರೆ ಪೆಟ್ರೋಲನ್ನು ಕಂಪ್ಯೂಟರು ಅಳೆದು ಚಿಮ್ಮಿಸುವ ವ್ಯವಸ್ಥೆ. ಅವುಗಳ ಪೈಕಿ ಹೆಚ್ಚಿನವಕ್ಕೆ ರಿಜರ್ವ್ ಕಾಕೇ ಇಲ್ಲ. ಹಳೆಯ ರೂಢಿಯಂತೆ ಟ್ಯಾಂಕ್ ಒಣಗುವ ತನಕ ಓಡಿಸುವವರಿಗೆ ಇಷ್ಟೇ ಎಚ್ಚರ: ಎಫ್‌ಐ ಗಾಡಿಯ ಪಂಪು ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ತಂಪಾಗಿರುತ್ತದೆ; ದಿನಾ ಒಣ ಟ್ಯಾಂಕಿನಲ್ಲಿ ಓಡಿಸಿದರೆ ಪಂಪು ಸುಟ್ಟೀತು. ಮೀಟರಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿ ಆರದಿದ್ದರೆ ಪ್ಲಗ್ ಬಿಚ್ಚುತ್ತ ಕೂರಬೇಡಿ, ಅದನ್ನು ಓದುವ ಯಂತ್ರ ಇರುವ ಗ್ಯಾರೇಜಿಗೆ ಹೋಗಿ.

ಎಬಿಎಸ್ಸು, ಟ್ಯೂಬ್‌ಲೆಸ್ ಟಯರು, ಹಾಫ್ ಕ್ಲಚ್ಚಿನಲ್ಲಿ ಪ್ಲೇಟ್ ಸುಡುವ ಹುಡುಗರ ಪುರಾಣ, ಸೈಲೆನ್ಸರ್ ಕೊರೆಸಿ ಊರ ನಿದ್ದೆ ಕೆಡಿಸುವವರ ಪುರಾಣ, ಇವೆಲ್ಲ ಇನ್ನೂ ಬಾಕಿ ಇವೆ. ಬಸ್ ಬಂತೇನೋ ನೋಡಿ; ಅವು ಇನ್ನೊಂದು ವಾರಕ್ಕಿರಲಿ.